ಬಂಗಡೆ ವಾಸನೆ ಮತ್ತು ಪಚ್ಚೆ ಉಂಗುರ

ಬಿಸಿನೀರಿನ ಬಟ್ಟಲಿನಿಂದ ಉಂಗುರ ತೆಗೆದವಳೇ ಬೆಚ್ಚಿಬಿದ್ದೆ. ಪಚ್ಚೆಯೊಳಗೆ ಬಿಳಿ ಬಿರುಕುಗಳು ಎದ್ದು ಕಾಣುತ್ತಿದ್ದವು. ಅತ್ತೆ ಟಿವಿಯ ಶಾಪಿಂಗ್ ಚಾನೆಲ್ ನೋಡಿ, ಫೋನ್ ಮಾಡಿ ನನಗೆಂದು ತರಿಸಿದ ಉಂಗುರವದು. ಬಂಗಡೆ ಮೀನು ಕೊಯ್ದ ವಾಸನೆ ಹೋಗಲೆಂದು ಸೋಪು ಹಾಕಿ ನೆನೆಸಿದ್ದೆ.

ಅತ್ತೆ ಮೋಸಹೋದರೋ, ನಾನೇ ಕೆಡಿಸಿದೆನೋ ತಿಳಿಯದೆ, ಅವರಿಗೆ ಹೇಳದೆಯೇ ಅಂಕೋಲೆಯಿಂದ ಕಾರವಾರದ ಬಸ್ಸು ಹತ್ತಿದೆ. ಅಲ್ಲಿನ ಹಿರಿಯ ಅಕ್ಕಸಾಲಿಯೊಬ್ಬರು ಭೂತಗನ್ನಡಿ ಹಿಡಿದು ನೋಡಿದರು.

“ಪಚ್ಚೆ ಖರೇದೇ ತಂಗಿ. ಬಿರುಕು ಕಾಣ್ಬಾರ್ದು ಅಂತ ಎಣ್ಣೆ ತುಂಬ್ಸಿದ್ರು, ಬಿಸಿನೀರಿಗೆ ಅದು ಹೋಗಿಬಿಟ್ಟದೆ. ಮತ್ತೆ ತುಂಬ್ಸಿದ್ರಾಯ್ತು. ಟಿವಿಯವ್ರು ಹೇಳಿದಷ್ಟು ಬೆಲೆ ಮಾತ್ರ ಇಲ್ಲ.”

ಬೆಲೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅತ್ತೆಗೆ ಹೇಳಿದೆ. ಅಂದಿನಿಂದ ಮನೆಯಲ್ಲಿ ಮೀನು ಕೊಯ್ಯುವವರು ಅವರೇ. ಕೊಯ್ಯುವಾಗ ಉಂಗುರ ಕಳಚಿಟ್ಟರೂ ನಡೆಯುತ್ತದೆಂದು ನಾನಿನ್ನೂ ಹೇಳಿಲ್ಲ.