ಆ ಡಿಕ್ಕಿ ತಮ್ಮನದಲ್ಲ

ಬಟ್ಟೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಎರಡು ಗುಳಿಗಳಿವೆ. ಮೊನ್ನೆ ಮೇಜನ್ನು ಕಿಟಕಿಯ ಕಡೆಗೆ ಸರಿಸುವಾಗ ಕೈಗೆ ತಾಗಿದವು. ತಮ್ಮ ತನ್ನ ಕಂಪ್ಯೂಟರ್ ರೇಸಿನ ಸ್ಟಿಯರಿಂಗನ್ನು ತಿರುಪು ಹಾಕಿ ಬಿಗಿಯುತ್ತಿದ್ದ ಜಾಗ ಅದು. ಮರ ಹಾಳಾಗುತ್ತದೆಂದು ನಾನು ಬೈದದ್ದೂ ಉಂಟು...

ಬೆಳ್ಳಾರೆ ಪೇಟೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ನನ್ನ ಟೈಲರ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತವಳು ನಾನು. ತಮ್ಮ ಶಾಲಾ ವ್ಯಾನಿನ ಡ್ರೈವರ್ ಆಗಿದ್ದ. ಮನೆಯಲ್ಲಿ ನೆಟ್ ಸಿಗದ ಕಾರಣ ಕಂಪ್ಯೂಟರನ್ನು ನನ್ನ ಅಂಗಡಿಯಲ್ಲೇ ಇಟ್ಟಿದ್ದ. ಭಾನುವಾರ ಮಧ್ಯಾಹ್ನ ಪುತ್ತೂರು, ಕಡಬ, ಸುಳ್ಯ ಕಡೆಯ ಹುಡುಗರು, ದುಬೈಯಲ್ಲಿದ್ದ ಒಂದಿಬ್ಬರು, ಅವರವರ ಜಾಗದಲ್ಲೇ ಕೂತು ಒಂದೇ ರೇಸಿನಲ್ಲಿ ಕಾರು ಓಡಿಸುತ್ತಿದ್ದರು.

"ವಾರ ಇಡೀ ವ್ಯಾನು ಬಿಡುದು, ಭಾನುವಾರವೂ ಸ್ಟಿಯರಿಂಗ್ ಹಿಡಿದು ಕೂರುದು. ನಿಂಗೆ ಕೈ ತುರಿಸ್ತದಾ ಎಂತ?" ಎಂದು ಕೇಳಿದ್ದೆ.

"ಇದ್ರಲ್ಲಿ ಹಿಂದೆ ಕೂತು ವಾಂತಿ ಮಾಡುವವರು ಇಲ್ಲ ಅಕ್ಕ" ಎಂದಿದ್ದ.

ಆಟವಾದರೂ ಅವರ ನಿಯಮಗಳು ಬಿಗಿಯಾಗಿದ್ದವು. ತಿರುವಿನಲ್ಲಿ ಪಕ್ಕದಲ್ಲೊಂದು ಕಾರು ಇದ್ದರೆ ಅದಕ್ಕೆ ದಾರಿ ಬಿಡಬೇಕು. ಗುದ್ದಿ ಒಬ್ಬನನ್ನು ಹೊರಗೆ ತಳ್ಳಿದರೆ ನಿಂತು ಕಾದು ಅವನನ್ನು ಮುಂದೆ ಕಳಿಸಬೇಕು. ಗುದ್ದಿದವ ಮೊದಲು ಸಾರಿ ಹೇಳಬೇಕು, ಕಾರಣ ಏನಿದ್ದರೂ ಆಮೇಲೆ. ಇದನ್ನು ತಮ್ಮ ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದ. ತಕರಾರು ಬಂದರೆ ಪುತ್ತೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟವರೊಬ್ಬರು ರೆಕಾರ್ಡಿಂಗ್ ನೋಡಿ ತಪ್ಪು ಯಾರದೆಂದು ಹೇಳುತ್ತಿದ್ದರು. ಅವರೇ ತೀರ್ಪುಗಾರರು.

ಆ ವರ್ಷ ಎಲ್ಲರಿಗಿಂತ ಮುಂದಿದ್ದವನು ಪಂಜ ಊರಿನ ಹುಡುಗ, ತಮ್ಮನ ಜೀವದ ಗೆಳೆಯ. ಅವನ ಬೆನ್ನಿಗೇ ತಮ್ಮ. ಕೊನೆಯ ರೇಸಿನ ಹಿಂದಿನ ವಾರ ಇಬ್ಬರಿಗೂ ಸಣ್ಣ ಮಾತಾಗಿತ್ತು. "ಬರುವ ವಾರ ನೋಡ್ತೇನೆ ನಿನ್ನನ್ನು" ಎಂದು ತಮ್ಮ ನಗಾಡಿಕೊಂಡೇ ಹೇಳಿದ್ದ. ಅದನ್ನು ಎಲ್ಲರೂ ಕೇಳಿಸಿಕೊಂಡಿದ್ದರು.

ನನ್ನ ಅಂಗಡಿಯ ವಯರಿಂಗ್ ಹಳೆಯದು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಫ್ಯಾನು ತೂಕಡಿಸುತ್ತದೆ. ಕಂಪ್ಯೂಟರಿಗೆ ಬ್ಯಾಟರಿ ಇತ್ತು, ಸ್ಟಿಯರಿಂಗಿಗೆ ಇರಲಿಲ್ಲ; ಕರೆಂಟು ಇಳಿದರೆ ಅದು ಆ ಗಳಿಗೆ ಕೆಲಸ ಮಾಡುತ್ತಿರಲಿಲ್ಲ. ರೇಸು ಮುಗಿಯುವ ತನಕ ಇಸ್ತ್ರಿ ಮುಟ್ಟಬಾರದು ಎಂಬುದೊಂದೇ ಅವನು ನನ್ನಲ್ಲಿ ಕೇಳಿಕೊಂಡದ್ದು.

ಆ ದಿನ ಗಿರಾಕಿ ಹೆಂಗಸೊಬ್ಬರು ರವಿಕೆಗೆ ಬಂದು ನಿಂತಿದ್ದರು. ಸುಳ್ಯದಲ್ಲಿ ಮದುವೆ, ಕೆಳಗೆ ರಿಕ್ಷಾ ಕಾಯುತ್ತಿತ್ತು. "ಎಷ್ಟೊತ್ತು ಮಾರಾಯ್ತಿ, ನಾನು ಹೋಗುವಾಗ ಮದುಮಗಳಿಗೆ ಮಗು ಆಗಿರ್ತದೆ" ಎಂದರು. ತೋಳಿಗೆ ಒಂದು ಸಲ ಎಳೆದರೆ ಸಾಕು ಅಂದುಕೊಂಡು ಸ್ವಿಚ್ ಒತ್ತಿದೆ. ಫ್ಯಾನು ನಿಧಾನವಾಯಿತು. ಪರದೆಯಲ್ಲಿ ತಮ್ಮನ ಕಾರು ತಿರುವಿನಲ್ಲಿ ತಿರುಗದೆ ನೇರ ಹೋಗಿ ಗೆಳೆಯನ ಕಾರಿಗೆ ಬಡಿಯಿತು. ತಕ್ಷಣ ಸ್ವಿಚ್ ಆರಿಸಿದೆ. ತಮ್ಮನ ಬೆನ್ನು ನನ್ನ ಕಡೆಗಿತ್ತು, ಕಿವಿಗೆ ಹೆಡ್‌ಫೋನ್ ಇತ್ತು.

"ಸಾರಿ ಮಾರಾಯ, ಸಾರಿ, ತಪ್ಪು ನಂದು" ಎಂದ, ಅವರ ಕ್ರಮದಂತೆ. ಕಾರನ್ನು ಬದಿಗೆ ನಿಲ್ಲಿಸಿ ಕಾದ. ಮಗುಚಿ ಬಿದ್ದ ಗೆಳೆಯನ ಕಾರು ಮೇಲೇಳಲೇ ಇಲ್ಲ.

ರೆಕಾರ್ಡಿಂಗಿನಲ್ಲಿ ಬ್ರೇಕೂ ಇಲ್ಲ, ತಿರುಗಿಸಿದ್ದೂ ಇಲ್ಲ. ಕಾಲಡಿಯ ಬ್ರೇಕ್ ಪೆಡಲಿನ ವಯರೂ ಸ್ಟಿಯರಿಂಗಿಗೇ ಸೇರಿದ್ದಲ್ಲವೇ... ನೋಡಿದವರಿಗೆ ಅದು ಬೇಕೆಂದೇ ಗುದ್ದಿದ ಹಾಗೆ ಕಾಣುತ್ತಿತ್ತು. ತೀರ್ಪುಗಾರರು ಕಾರಣ ಕೇಳಿದರು. ಗಿರಾಕಿ ಹೋಗಿಯಾಗಿತ್ತು. ತಮ್ಮ ಹೆಡ್‌ಫೋನ್ ತೆಗೆದು ನನ್ನತ್ತ ತಿರುಗಿದ.

"ಅಕ್ಕ, ಕರೆಂಟು ಎಂತಾದ್ರು ಹೋಗಿತ್ತಾ?"

"ಇಲ್ಲಪ್ಪ" ಎಂದೆ.

ಕರೆಂಟು ಹೋಗಿರಲಿಲ್ಲ, ನಾನು ಹೇಳಿದ್ದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಆಟ, ನಾಳೆಗೆ ಮರೆಯುತ್ತಾರೆ ಎಂದೂ ಅನಿಸಿತ್ತು.

ತಪ್ಪು ನಂದು ಎಂದು ಅವನೇ ಒಪ್ಪಿದ್ದನಲ್ಲ, ಅದನ್ನೇ ಹಿಡಿದು ತೀರ್ಪು ಬಂತು. ಬೇಕೆಂದು ಗುದ್ದಿದ್ದು, ಮುಂದಿನ ವರ್ಷ ಆಡುವ ಹಾಗಿಲ್ಲ. ಪಂಜದ ಗೆಳೆಯ ಫೋನು ಎತ್ತುವುದನ್ನು ಬಿಟ್ಟ. ವ್ಯಾನಿನವರು ನಿಲ್ಲುವಲ್ಲಿ, "ಇವನ ಎದುರು ಹೋಗ್ಬೇಡಿ ಮಾರಾಯ್ರೆ, ಮೊದ್ಲು ಗುದ್ದುದು, ಮತ್ತೆ ಸಾರಿ" ಎಂದು ತಮಾಷೆ ಮಾಡುತ್ತಿದ್ದರು. ಅದಕ್ಕೆಲ್ಲ ಅವನು ನಗುತ್ತಿದ್ದ.

ಅವನನ್ನು ಕೊರೆದದ್ದು ಬೇರೆ. "ಬ್ರೇಕು ಮೆಟ್ಟಿದ್ದು ನಂಗೆ ನೆನಪುಂಟು ಅಕ್ಕ. ಅದ್ರಲ್ಲಿ ನೋಡಿದ್ರೆ ಮೆಟ್ಟಿಯೇ ಇಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ವ್ಯಾನು ಓಡಿಸುವಾಗ ಬೇಡದ ಕಡೆಯಲ್ಲೂ ಬ್ರೇಕು ಹಾಕತೊಡಗಿದ. ಕೊನೆಗೊಂದು ದಿನ ಕೀಲಿಯನ್ನು ಮಾಲಿಕರಿಗೆ ಕೊಟ್ಟು ಬಂದ. "ಹಿಂದೆ ಮಕ್ಕಳು ಇರ್ತಾರೆ. ನಂಗೆ ನನ್ನ ಕಾಲಿನ ಮೇಲೆ ಧೈರ್ಯ ಇಲ್ಲ" ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನಲ್ಲ... ತಡವಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಅವನು ಸಿಮೆಂಟು ಅಂಗಡಿಯಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಮರುವರ್ಷ ಕಾಮಾಲೆ ಬಂತು. ಪುತ್ತೂರಿನ ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಪಕ್ಕ ಕೂತಿದ್ದಾಗಲೂ, ಗುಣವಾಗಲಿ, ಮನೆಗೆ ಹೋಗಿ ಹೇಳುತ್ತೇನೆ ಅಂದುಕೊಂಡೆ. ಮನೆಗೆ ಅವನು ಬರಲಿಲ್ಲ.

ಮೇಜು ಸರಿಸಿದ ಮಾರನೇ ದಿನ ಆ ತೀರ್ಪುಗಾರರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಅಪೀಲು ಆಡಿದವನೇ ಹಾಕ್ಬೇಕು ಅಂತ ಉಂಟು ಅಕ್ಕ" ಎಂದರು. "ಪರವಾಗಿಲ್ಲ, ಅವನ ಹೆಸರಿನ ಎದುರು ಇದ್ದದ್ದನ್ನು ನಾನು ತೆಗಿತೇನೆ. ಪಂಜದವನಿಗೂ ಹೇಳ್ತೇನೆ."

"ಅಲ್ಲಿ ನನ್ನ ಹೆಸರು ಬರೀರಿ" ಎಂದೆ.

"ನೀವು ರೇಸಿನಲ್ಲಿ ಇರ್ಲಿಲ್ಲ ಅಲ್ವಾ ಅಕ್ಕ. ನಿಮ್ಮದು ಬರಿಲಿಕ್ಕೆ ನಮ್ಮಲ್ಲಿ ಜಾಗ ಇಲ್ಲ."

ಅವರು ಹೇಳಿದ್ದು ಸರಿ. ಹಾಗಾಗಿ ಇಲ್ಲಿ ಬರೆದಿದ್ದೇನೆ. ತಮ್ಮ ಆ ದಿನ ಬ್ರೇಕು ಮೆಟ್ಟಿದ್ದ.