ಜ್ವರಕ್ಕೆ ಕೂತ ಮೀನು

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದೂ ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಹಗಲು ಹಿಪ್ಪುನೇರಳೆ ಸೊಪ್ಪು ಕೊಯ್ದು, ಸಂಜೆ ರೇಷ್ಮೆ ಹುಳದ ಮನೆಯ ಬಾಗಿಲಲ್ಲಿ ಕೂತು ಓದಿ ಪಾಸಾದೆ. ಈಗ ಹಾರೋಹಳ್ಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಇರುವುದು ಬೇರೆ ಒಂದಕ್ಕೆ.

ನಮ್ಮೂರು ಕಬ್ಬಾಳಿನ ಹತ್ತಿರ. ಅವ್ವ ಅಲ್ಲಿ ನಲವತ್ತು ವರ್ಷ ರೇಷ್ಮೆ ಹುಳ ಸಾಕಿದಳು. ಓದು ಬರಹ ಇಲ್ಲ. ಆದರೆ ತಟ್ಟೆಯ ಮೇಲೆ ಒಂದು ಸಲ ಕಣ್ಣಾಡಿಸಿದರೆ ಸಾಕು, ಯಾವ ಹುಳ ನೆಟ್ಟಗಿದೆ, ಯಾವುದಕ್ಕೆ ರೋಗ ತಗುಲಿದೆ ಎಂದು ಹೇಳಿಬಿಡುತ್ತಿದ್ದಳು. ಅನುಮಾನ ಬಂದವರೆಲ್ಲ ನಮ್ಮ ಬಾಗಿಲಿಗೇ ಬರುತ್ತಿದ್ದರು: "ಅಕ್ಕಾ, ಒಸಿ ಬಂದು ಹುಳ ನೋಡ್ಬಾ." ಮಂಡಿ ಸವೆದು, ಹುಳದ ಮನೆ ಮುಚ್ಚಿ, ಕನಕಪುರದ ನನ್ನ ಬಾಡಿಗೆ ಮನೆಗೆ ಬಂದ ಮೇಲೆ ಆ ಕಣ್ಣಿಗೆ ನೋಡಲು ಏನೂ ಉಳಿಯಲಿಲ್ಲ. ಗೋಡೆ ನೋಡಿಕೊಂಡು ಕೂರುತ್ತಿದ್ದಳು. ಊಟಕ್ಕೆ ಕರೆದರೂ ಎರಡು ಸಲ ಕರೆಯಬೇಕಿತ್ತು.

ಅದಕ್ಕೇ ಒಂದು ಗಾಜಿನ ತೊಟ್ಟಿ, ಎರಡು ಗೋಲ್ಡ್ ಫಿಶ್ ತಂದೆ. ಒಂದು ದೊಡ್ಡದು, ಅಪ್ಪಟ ಚಿನ್ನದ ಬಣ್ಣ. ಇನ್ನೊಂದು ಸಣ್ಣದು, ಕಪ್ಪು ಮಿಶ್ರಿತ ಕಂದು.

"ಇದ್ರಲ್ಲಿ ಚಿನ್ನ ಎಲ್ಲೈತೆ? ಅಂಗಡಿಯೋನು ನಿಂಗೆ ಟೋಪಿ ಹಾಕವ್ನೆ," ಎಂದಳು ಅವ್ವ, ಸಣ್ಣದನ್ನು ತೋರಿಸಿ. ಮರುದಿನ ಮುಖ ತೊಳೆಯುವ ಮೊದಲೇ ತೊಟ್ಟಿಯ ಮುಂದೆ ಕೂತಿದ್ದಳು.

ಕೆಲವು ವಾರಕ್ಕೆ ಸಣ್ಣ ಮೀನಿನ ಹೊಟ್ಟೆಯ ಕಪ್ಪು ಕರಗತೊಡಗಿತು. ನನಗೆ ಗಾಬರಿ. ಅವ್ವ ಕನ್ನಡಕ ಏರಿಸಿ ನೋಡಿದಳು. "ಬಣ್ಣ ತಿರುಗ್ತಾ ಐತೆ ಕಣವ್ವ. ಚೆಂದಾಗಿ ಮೇಯ್ತಾ ಐತಲ್ಲ, ಇನ್ನೇನು?" ಅವಳು ಹೇಳಿದಂತೆಯೇ ಆಯಿತು. ಎಳೆಯ ಮೀನಿಗೆ ಅದು ಸಹಜವಂತೆ. ಕಪ್ಪೆಲ್ಲ ಹೋಗಿ ಅದೂ ಚಿನ್ನದ ಬಣ್ಣಕ್ಕೆ ಬಂತು.

ಆಮೇಲೆ ದೊಡ್ಡ ಮೀನಿನ ಕಿವಿರಿನ ಮೇಲೆ ಸಣ್ಣ ಬಿಳಿ ಗುಳ್ಳೆಗಳೆದ್ದವು. ನಾನು ಫೋನಿನಲ್ಲಿ ಏನೋ ಓದಿ, ಅವ್ವ ಬೇಡವೆಂದರೂ ಒಂದು ಬೊಗಸೆ ಉಪ್ಪು ಸುರಿದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ನೀರು ಬದಲಿಸಿ, ಅದನ್ನು ಡಬ್ಬದಲ್ಲಿ ಹಾಕಿಕೊಂಡು ಅಂಗಡಿಗೆ ಓಡಿದೆವು. ಅಂಗಡಿಯವನು ನಕ್ಕ.

"ಮೇಡಂ, ಇದು ಗಂಡು. ಬೆದೆಗೆ ಬಂದೈತೆ, ಅಷ್ಟೇಯ. ಕಿವಿರ ಮೇಲೆ ಸಾಲಾಗಿ ಎದ್ರೆ, ಮೇವು ತಿಂದ್ಕೊಂಡು ಓಡಾಡ್ತಿದ್ರೆ, ಕಾಯಿಲೆ ಅಲ್ಲ. ಬಾಲ, ಮೈಯೆಲ್ಲ ಉಪ್ಪು ಉದುರಿಸ್ದಂಗಾಗಿ, ಮೂಲೆಗೆ ಸೇರ್ಕೊಂಡ್ರೆ ಮಾತ್ರ ಓಡ್ಬನ್ನಿ."

ದಾರಿಯುದ್ದಕ್ಕೂ ಅವ್ವ ನಕ್ಕಳು. "ಏಟು ವರ್ಸ ಓದ್ದೆ ಮಗ ನೀನು? ಗಂಡಿಗೆ ಮೀಸೆ ಬಂದ್ರೆ ಆಸ್ಪತ್ರೆಗೆ ಎತ್ಕಂಡು ಬಂದ್ಯಲ್ಲ!" ಇದನ್ನು ಓನರ್ ಮನೆಯವರಿಗೂ ಹೇಳಿದಳು, ಹಾಲಿನವನಿಗೂ ಹೇಳಿದಳು. ಅವಳು ಹಾಗೆ ನಕ್ಕು ವರ್ಷವೇ ಆಗಿತ್ತು. ಆದರೂ ನನಗೆ ಚುಚ್ಚಿತು. ಕಷ್ಟಪಟ್ಟು ಓದಿದವರಿಗೆ ಓದಿನ ಮೇಲೆ ಆಡಿದ ತಮಾಷೆ ಬೇಗ ಮರೆಯುವುದಿಲ್ಲ.

ಚಳಿ ಶುರುವಾದಾಗ ಸಣ್ಣ ಮೀನು ಮೇವು ಬಿಟ್ಟಿತು. ರೆಕ್ಕೆ ಮುದುರಿಕೊಂಡು ತಳದ ಮೂಲೆಯಲ್ಲಿ ಕೂತಿತು. ಬಾಲದ ಮೇಲೆ ಮೂರು ಬಿಳಿ ಚುಕ್ಕೆ.

ಅವ್ವ ಬಹಳ ಹೊತ್ತು ನೋಡಿ, "ಜ್ವರಕ್ಕೆ ಕೂತೈತೆ," ಎಂದಳು.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ. ಅದು ರೋಗವಲ್ಲ. ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗಾಡದೆ ಕೂರುತ್ತದೆ. ಆಗ ಮೇವು ಹಾಕಬಾರದು, ತಟ್ಟೆ ಕದಲಿಸಬಾರದು, ಮುಟ್ಟಲೇಬಾರದು. ಪೊರೆ ಕಳಚಿ ಎದ್ದ ಮೇಲೆ ಎಂದೂ ಸೊಪ್ಪು ಕಂಡೇ ಇಲ್ಲವೆಂಬಂತೆ ಮೇಯುತ್ತದೆ. ಮುಟ್ಟದೆ ಬಿಡುವುದೇ ಅದರ ಆರೈಕೆ. ಬಣ್ಣ ತಿರುಗಿದ್ದನ್ನು ಕಂಡಿದ್ದ ಅವ್ವ ಮೀನೂ ಹಾಗೆಯೇ ಎಂದುಕೊಂಡಳು. ಬೆಳಕು ಬೀಳದಂತೆ ತೊಟ್ಟಿಗೆ ಹಳೆಯ ಪಂಚೆ ಹೊದಿಸಿದಳು. "ಯಾರೂ ಮುಟ್ಬ್ಯಾಡಿ. ಅದೇ ಎದ್ದೇಳ್ತದೆ."

ಹುಳದ ಮನೆಯಲ್ಲಿ ನಮ್ಮನ್ನೆಲ್ಲ ಗದರಿಸುತ್ತಿದ್ದ ಅದೇ ದನಿ. ಅದನ್ನು ಕೇಳಿ ನನಗೆ ಸಂತೋಷವೇ ಆಯಿತು ಎಂದರೆ ಸುಳ್ಳಲ್ಲ.

ಮೀನು ಪೊರೆ ಬಿಡುವುದಿಲ್ಲ. ಅದು ನನಗೆ ಗೊತ್ತಿತ್ತು. ಅಂಗಡಿಯವನ ಮಾತೂ ನೆನಪಿತ್ತು. ಹೇಳೋಣವೆಂದು ಬಾಯಿ ತೆರೆದೆ. ಮೀಸೆಯ ಮಾತು ನೆನಪಾಯಿತು. ಇದೂ ಏನೂ ಅಲ್ಲದೆ ಹೋದರೆ ಮತ್ತೆ ಹಾಲಿನವನವರೆಗೂ ಸುದ್ದಿ ಹೋಗುತ್ತದೆ ಎನ್ನಿಸಿ ಬಾಯಿ ಮುಚ್ಚಿದೆ. ಬ್ಯಾಗು ಹಾಕಿಕೊಂಡು ಹಾರೋಹಳ್ಳಿ ಬಸ್ಸು ಹತ್ತಿದೆ. ಮಾರನೆಯ ದಿನವೂ ಹತ್ತಿದೆ.

ಮೂರನೆಯ ದಿನ ಬೆಳಿಗ್ಗೆ ಅವ್ವನೇ ಪಂಚೆ ಸರಿಸಿದಳು. ಸಣ್ಣದು ಮಗ್ಗುಲಾಗಿ ತೇಲುತ್ತಿತ್ತು. ಮೈಯೆಲ್ಲ ಉಪ್ಪು ಉದುರಿಸಿದಂತೆ ಬಿಳಿ. ದೊಡ್ಡದರ ಬಾಲಕ್ಕೂ ಚುಕ್ಕೆ ಬಂದಿತ್ತು. ಅದು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು.

ಅವ್ವ ಸತ್ತ ಮೀನನ್ನು ಅಂಗೈಯಲ್ಲಿ ಹಿಡಿದು ಬೆರಳಿನಿಂದ ಸವರಿದಳು, ಪೊರೆ ಎಲ್ಲಾದರೂ ಬಿಟ್ಟಿದೆಯೇ ಎಂದು ಹುಡುಕುವವಳಂತೆ. ಆಮೇಲೆ ಕೇಳಿದಳು: "ನಿಂಗೊತ್ತಿತ್ತಾ ಮಗ?"

"ಇಲ್ಲವ್ವ. ನಂಗೂ ಗೊತ್ತಿರ್ಲಿಲ್ಲ."

"ನಿಂಗೆಂಗೆ ಗೊತ್ತಾಯ್ತದೆ? ಮುಟ್ಬ್ಯಾಡ ಅಂದೋಳು ನಾನು. ನನ್ ಕಣ್ಣು ಹೋಯ್ತು ಬುಡು."

ಆ ಕ್ಷಣದಲ್ಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸಕ್ಕೆ ರಜೆ ಹಾಕಿ ಅಂಗಡಿಗೆ ಹೋದೆ. "ಮೊದಲ್ನೇ ದಿನಾನೇ ಬರ್ಬಾರ್ದಿತ್ತಾ ಮೇಡಂ? ಅಷ್ಟು ಬಿಡಿಸಿ ಹೇಳಿದ್ನಲ್ಲ," ಎಂದ ಅಂಗಡಿಯವನು. ಅವ್ವ ಜೊತೆಗೆ ಬಂದಿರಲಿಲ್ಲ, ಅದಕ್ಕೆ ಬದುಕಿಕೊಂಡೆ. ಅವನು ಕೊಟ್ಟ ಔಷಧಿ ಹಾಕಿ, ನೀರನ್ನು ಮೆಲ್ಲಗೆ ಬೆಚ್ಚಗಾಗಿಸಿ, ದಿನವೂ ಒಂದಿಷ್ಟು ಬದಲಿಸಿದೆ. ದೊಡ್ಡ ಮೀನು ಉಳಿಯಿತು.

ಮೊನ್ನೆ ಊರಿನಿಂದ ಚಿಕ್ಕವ್ವ ಫೋನ್ ಮಾಡಿದ್ದಳು. ಅವಳ ಹುಳ ಮೂರನೇ ಜ್ವರ ಎದ್ದ ಮೇಲೂ ಸರಿಯಾಗಿ ಮೇಯುತ್ತಿಲ್ಲವಂತೆ. ವಿಡಿಯೋದಲ್ಲಿ ತಟ್ಟೆ ತೋರಿಸಿ, "ಒಸಿ ನೋಡಕ್ಕಾ," ಎಂದಳು. ಅವ್ವ ಫೋನಿನತ್ತ ತಿರುಗಲೂ ಇಲ್ಲ. "ನಂಗೇನ್ ಗೊತ್ತಾಯ್ತದೆ ಕಣೆ? ರೇಷ್ಮೆ ಆಫೀಸ್ನೋರ್ನ ಕೇಳು," ಎಂದು ಫೋನನ್ನು ನನಗೇ ಕೊಟ್ಟಳು.

ಈಗಲೂ ಬೆಳಿಗ್ಗೆ ತೊಟ್ಟಿಯ ಮುಂದೆ ಕೂರುತ್ತಾಳೆ. ಗಾಜಿನ ಆಚೆ ಮೀನು ಹಸಿದು ಬಾಯಿ ಆಡಿಸುತ್ತಿರುತ್ತದೆ. ನಲವತ್ತು ವರ್ಷ ಯಾರನ್ನೂ ಕೇಳದೆ ಸೊಪ್ಪು ಹಾಕಿದವಳು ಚಿಟಿಕೆ ಮೇವು ಹಿಡಿದುಕೊಂಡು ನನ್ನ ಮುಖ ನೋಡುತ್ತಾಳೆ.

"ಹಾಕ್ಲಾ ಮಗ?"

"ಹಾಕವ್ವ," ಎನ್ನುತ್ತೇನೆ.