ಹುಳಿ ಹಿಡಿಯದ ವಿನೆಗರ್

ಬಾಯಿ ಬಿಟ್ಟರೆ ನಿಜವನ್ನೇ ಹೇಳುತ್ತಾನೆಂಬ ಅಪವಾದ ಪೀಪಾಯಿ ಮಾವನ ಮೇಲೆ ಎಂದೂ ಇರಲಿಲ್ಲ. ವಯಸ್ಸಿದ್ದಷ್ಟು ಕಾಲ ಹಲಗೆ ಬಗ್ಗಿಸಿ, ಕಬ್ಬಿಣದ ಪಟ್ಟಿ ಬಡಿದು ವೈನಿನ ಪೀಪಾಯಿ ಕಟ್ಟಿದ. ಕೊನೆಗೆ ಹಲಗೆಗಿಂತ ಅವನ ಬೆನ್ನೇ ಚೆನ್ನಾಗಿ ಬಗ್ಗಿತು. ಆಗ ತೋಟದ ಧಣಿ, ನೋಡಲು ಬರುವ ಗಿರಾಕಿಗಳಿಗೆ ನೆಲಮಾಳಿಗೆ ತೋರಿಸುವ ಕೆಲಸ ಕೊಟ್ಟರು. ಇದೂ ತಪ್ಪಿದರೆ ಬೆನ್ನು ಬಾಗಿದವನನ್ನು ಬೇರೆ ಯಾರು ಇಟ್ಟುಕೊಳ್ಳುತ್ತಾರೆ?

ಆ ಕಣಿವೆಯ ಗುಣವೇ ವಿಚಿತ್ರ. ಒಂದು ಇಳಿಜಾರಿಗೆ ಬೆಳಗಿನ ಬಿಸಿಲು, ಎದುರಿನದಕ್ಕೆ ಸಂಜೆಯದು. ಎರಡೂ ಕಡೆಯವರು ತಮ್ಮ ದ್ರಾಕ್ಷಿಯೇ ಸಿಹಿ ಎಂದು ಜಗಳವಾಡುತ್ತಾರೆ. ಧಣಿ ಎರಡನ್ನೂ ಕೊಂಡು ಒಂದೇ ತೊಟ್ಟಿಗೆ ಸುರಿಯುತ್ತಾರೆ.

ಕಣಿವೆಗೊಂದು ಚರಿತ್ರೆಯನ್ನೂ ಅವರೇ ಹೊಸೆದು ಮಾವನಿಗೆ ಬಾಯಿಪಾಠ ಮಾಡಿಸಿದ್ದರು. ಬೇಟೆಗೆ ಬಂದ ರಾಜನೊಬ್ಬ ಬಾಯಾರಿ ಇಲ್ಲಿ ಮೊದಲ ಬಳ್ಳಿ ನೆಟ್ಟನಂತೆ. ಬಾಯಾರಿದವನು ಹಣ್ಣು ಬಿಡುವ ತನಕ ಹೇಗೆ ಕಾದ ಎಂದು ಯಾರೂ ಕೇಳುತ್ತಿರಲಿಲ್ಲ. ಕತೆ ಮುಗಿದ ಮೇಲೆ ಎರಡು ಗುಟುಕು ಪುಕ್ಕಟೆ ಸಿಗುತ್ತಿತ್ತಲ್ಲ!

ಒಮ್ಮೆ ಸಗಟು ವ್ಯಾಪಾರಿಗಳನ್ನು ಧಣಿಯೇ ಕರೆತಂದರು. ಅವರಲ್ಲೊಬ್ಬ ಕೇಳಿದ: "ಆ ರಾಜನ ಹೆಸರೇನು?"

ಧಣಿ ಮಾಡಿಸಿದ ಬಾಯಿಪಾಠದಲ್ಲಿ ಹೆಸರೇ ಇರಲಿಲ್ಲ. ಬಾಗಿಲ ಬಳಿ ಬಾಟಲಿ ತೊಳೆಯುತ್ತಿದ್ದ ಅವನ ಹೆಂಡತಿ ತಲೆಯೆತ್ತಲೂ ಇಲ್ಲ. "ಇದ್ರೆ ತಾನೇ ಹೇಳೋಕೆ!" ಅಂದಳು.

"ಸುಮ್ನಿರೇ!"

"ಯಾಕ್ ಸುಮ್ನಿರ್ಲಿ? ರಾಜನೂ ಇಲ್ಲ, ಗೀಜನೂ ಇಲ್ಲ. ಇಲ್ಲಿ ಮಾಡ್ತಿದ್ದದ್ದು ವಿನೆಗರ್. ಧಣಿಗಳ ಅಜ್ಜ ಒಂದ್ಸಲ ಮರೆತು ಪೀಪಾಯಿ ಬಿರಡೆ ಬಿಗಿಯಾಗಿ ಜಡಿದ್ಬಿಟ್ರು. ಗಾಳಿ ಆಡ್ಲಿಲ್ಲ, ಹುಳಿ ಹಿಡೀಲಿಲ್ಲ. ಇದೆಂಥ ವಿನೆಗರ್ರೀ ಅಂತ ಬೈಯೋಕೆ ಬಂದ ಗಿರಾಕಿ, ಸಂಜೆ ಹಾಡ್ಕೊಂಡು ಮನೆಗೆ ಹೋದ. ಅವ್ನೇ ನಮ್ಮಜ್ಜ!"

ಧಣಿಯ ಮುಖ, ಅವರ ಅಜ್ಜನಿಗೆ ಅಂದು ಬೇಕಿದ್ದಷ್ಟು ಹುಳಿಯಾಯಿತು. ವ್ಯಾಪಾರಿಗಳು ಮಾತ್ರ ಹೊಟ್ಟೆ ಹಿಡಿದು ನಕ್ಕರು, ಇನ್ನೊಂದು ಲೋಟ ಕೇಳಿದರು, ಹೋಗುವಾಗ ಪೆಟ್ಟಿಗೆಗಟ್ಟಲೆ ಹೇರಿಕೊಂಡು ಹೋದರು. ಧಣಿ ಲಾಭ ಬಂದರೆ ಮಾನ ಬಿಡುವಷ್ಟು ಬುದ್ಧಿವಂತರು. "ನಾಳೆಯಿಂದ ಕತೆ ಅವಳು ಹೇಳ್ಲಿ, ಬಾಟಲಿ ನೀನು ತೊಳಿ," ಎಂದರು.

ಮಾವ ಬಾಟಲಿ ತೊಳೆಯುವ ತೊಟ್ಟಿಯ ಮುಂದೆ ಕುಕ್ಕರಿಸಿದ. ಅತ್ತೆಯ ಕತೆಗೆ ಜನ ಮುಗಿಬಿದ್ದರು. ಆದರೆ ಹೇಳುತ್ತ ಹೇಳುತ್ತ ಅವಳ ಅಜ್ಜ ಬೆಳೆಯತೊಡಗಿದ. ಮೊದಲು ಬೈಯಲು ಬಂದವನು, ಆಮೇಲೆ ಬಿರಡೆ ಜಡಿಯಲು ಹೇಳಿಕೊಟ್ಟವನಾದ; ಆ ವರ್ಷದ ದ್ರಾಕ್ಷಿ ಕೊಯ್ಲು ಬರುವಷ್ಟರಲ್ಲಿ ವೈನ್ ಕಂಡುಹಿಡಿದವನೇ ಅವನು, ಧಣಿಯ ಅಜ್ಜ ಬರೀ ಪೀಪಾಯಿ ಹೊರುವ ಆಳು!

ಧಣಿ ಹಿಂಬಾಗಿಲಿನಿಂದ ತೊಟ್ಟಿಯ ಬಳಿ ಬಂದು ಪಿಸುಗುಟ್ಟಿದರು: "ನಿನ್ನ ಹಳೇ ಕೆಲಸ ನೀನೇ ತಗೋ ಮಾರಾಯ. ಅವಳ ಕತೇನೇ ಹೇಳು. ಆದ್ರೆ ನಮ್ಮಜ್ಜನ್ನ ಮಾತ್ರ ವಾಪಸ್ ಕೊಡು. ನಾಳೆಯಿಂದ ಮತ್ತೆ ಬಾಟಲಿ ತೊಳೆಯೋದು ಅವಳೇ ಅಂತ ಹೋಗಿ ಅವಳಿಗೆ ಹೇಳ್ಬಿಡು."

ಮಾವ ತೊಳೆದಿದ್ದ ಬಾಟಲಿಯನ್ನೇ ಮತ್ತೊಮ್ಮೆ ತೊಳೆದ.

"ಅದೊಂದು ನೀವೇ ಹೇಳಿ ಧಣೀ. ನನಗೆ ಸಂಜೆ ಮನೆಗೆ ಹೋಗೋದಿದೆ."